ಯಾರಿಗೂ ಬೇಡದ ಇಪ್ಪತ್ತು ನಿಮಿಷ

ಸಾವಿರದ ನೂರನಲವತ್ತು ಪ್ರಬಂಧಗಳಲ್ಲಿ ಏಳುನೂರ ಎಂಬತ್ತನ್ನು ಆರಿಸಿ, ಅವನ್ನು ನಾಲ್ಕು ದಿನ ಹದಿನಾರು ಕೊಠಡಿಗಳಿಗೆ ಹಂಚುವ ಕೆಲಸಕ್ಕೆ ನಮ್ಮಲ್ಲಿ ಕಂಪ್ಯೂಟರ್ ಇದೆ. ಗುಂಡಿ ಒತ್ತಿದರೆ ನಲವತ್ತು ಸೆಕೆಂಡಿನಲ್ಲಿ ಇಡೀ ವೇಳಾಪಟ್ಟಿ ಹೊರಬರುತ್ತದೆ. ಆಮೇಲೆ ನಾನು ಆ ವೇಳಾಪಟ್ಟಿಯನ್ನು ಚೀಟಿ ಚೀಟಿಯಾಗಿ ಕತ್ತರಿಸಿ, ಹಳೆಯ ವ್ಯಾಯಾಮಶಾಲೆಯ ನೆಲದ ಮೇಲೆ ಹರಡಿಕೊಂಡು, ಎರಡು ತಿಂಗಳು ಮಂಡಿಯೂರಿ ಸರಿಮಾಡುತ್ತೇನೆ.

ಕಂಪ್ಯೂಟರಿನ ತಪ್ಪೇನಿಲ್ಲ. ಯಾರು ಯಾರ ಮಾಜಿ ಗಂಡ ಎಂಬುದನ್ನು ಅದಕ್ಕೆ ಯಾರೂ ಹೇಳಿಲ್ಲ. ಒಂದೇ ಓಕ್ ಮರದ ಉಂಗುರಗಳನ್ನು ಎಣಿಸಿ ನಾಲ್ಕು ವರ್ಷ ವ್ಯತ್ಯಾಸದ ಉತ್ತರ ಪಡೆದ ಇಬ್ಬರು ಜರ್ಮನರು ಅಂದಿನಿಂದ ಒಂದೇ ಲಿಫ್ಟ್ ಹತ್ತುವುದಿಲ್ಲ ಎಂಬುದೂ ಅದಕ್ಕೆ ತಿಳಿಯದು. ಇವೆಲ್ಲ ಎಲ್ಲಿಯೂ ಬರೆದಿಟ್ಟ ವಿಷಯಗಳಲ್ಲ, ಬರೆದಿಡುವಂಥವೂ ಅಲ್ಲ. ಉತ್ತರ ದೇಶಗಳ ಹವಾಮಾನ ಚರಿತ್ರೆಯ ಮಹಾಸಮ್ಮೇಳನಕ್ಕೆ ಹತ್ತೊಂಬತ್ತು ವರ್ಷದಿಂದ ಕಾರ್ಯದರ್ಶಿಯಾಗಿರುವ ನನ್ನ ತಲೆಯೊಳಗೆ ಇವೆ. ಮೂರು ವರ್ಷಕ್ಕೊಮ್ಮೆ, ಆಗಸ್ಟಿನಲ್ಲಿ, ಹೆಲ್ಸಿಂಕಿಗೆ ಎರಡು ಗಂಟೆ ರೈಲುದಾರಿಯ ತುರ್ಕುವಿನಲ್ಲಿ ನಡೆಯುವ ಈ ಸಮ್ಮೇಳನದಲ್ಲಿ ಇದುವರೆಗೆ ಕೈಕೈ ಮಿಲಾಯಿಸಿದ್ದು ಒಂದೇ ಸಲ. ಆಗ ನಾನು ಕಾಯಿಲೆಯ ರಜೆಯಲ್ಲಿದ್ದೆ.

ಬರೆದಿಡದ ಇನ್ನೊಂದು ಕಟ್ಟಳೆಯೂ ನಮ್ಮಲ್ಲಿದೆ. ಕಾರ್ಯಕ್ರಮ ಸಮಿತಿಯ ಅಧ್ಯಕ್ಷರು ತಮ್ಮ ಸ್ವಂತ ಪ್ರಬಂಧಕ್ಕೆ ಯಾರಿಗೂ ಬೇಡದ ಜಾಗವನ್ನೇ ತೆಗೆದುಕೊಳ್ಳಬೇಕು. ಏಳುನೂರ ಎಂಬತ್ತು ಜನರನ್ನು ಒಳ್ಳೆಯ ಜಾಗ, ಕೆಟ್ಟ ಜಾಗ ಎಂದು ಕೂರಿಸುವವರು ತಾವು ಮೊದಲು ಕೆಟ್ಟ ಜಾಗದಲ್ಲಿ ಕೂತು ತೋರಿಸಲಿ ಎಂದು ಯಾರೋ ಪುಣ್ಯಾತ್ಮರು ಮಾಡಿದ್ದು. ಆ ಜಾಗ ಎಲ್ಲರಿಗೂ ಗೊತ್ತಿರುವಂಥದ್ದೇ: ಶುಕ್ರವಾರ, ಕೊನೆಯ ಗೋಷ್ಠಿ, ನೆಲಮಾಳಿಗೆಯ ಏಳನೇ ಕೊಠಡಿ, ಮೂರೂ ನಲವತ್ತರಿಂದ ನಾಲ್ಕು. ಆ ಹೊತ್ತಿಗೆ ಹೆಲ್ಸಿಂಕಿಗೆ ಹೋಗುವವರು ರೈಲಿನಲ್ಲಿರುತ್ತಾರೆ, ಸ್ಟಾಕ್‌ಹೋಮಿಗೆ ಹೋಗುವವರು ಹಡಗು ಹತ್ತುವ ಮೊದಲು ನದಿ ದಂಡೆಯಲ್ಲಿ ಬಿಯರ್ ಕುಡಿಯುತ್ತಿರುತ್ತಾರೆ. ಏಳನೇ ಕೊಠಡಿಯಲ್ಲಿ ಉಳಿಯುವವರು ನಾಲ್ವರು. ನಾನು, ಬೀಗ ಹಾಕಲು ಕಾದಿರುವ ಕಾವಲಿನವ, ನಿದ್ದೆ ಹೋದ ಒಬ್ಬರು, ಕೊಠಡಿ ತಪ್ಪಿ ಬಂದು ಎದ್ದುಹೋಗಲು ಸಂಕೋಚಪಡುವ ಇನ್ನೊಬ್ಬರು.

ಈ ಸಲದ ಅಧ್ಯಕ್ಷೆ ಸೋಲ್ವೇಗ್ ಎಕ್‌ಹೋಲ್ಮ್. ಅವಳ ಹೆಸರಿನ ರೇಖೆ ಎಲ್ಲ ಪಠ್ಯಪುಸ್ತಕಗಳಲ್ಲೂ ಇದೆ. ಮೂರು ಸಲ ಕರೆದಾಗಲೂ ಅಧ್ಯಕ್ಷತೆ ಬೇಡವೆಂದವಳು, ಈ ಸಲ ನಿವೃತ್ತಿಗೆ ಎಂಟು ತಿಂಗಳಿರುವಾಗ ತಾನಾಗಿಯೇ ಕೇಳಿ ಪಡೆದಿದ್ದಳು. ಸಮಿತಿಯವರು ಇದನ್ನು ದೊಡ್ಡತನವೆಂದುಕೊಂಡರು. ನಾನೂ ಹಾಗೇ ಅಂದುಕೊಂಡಿದ್ದೆ.

ಫೆಬ್ರವರಿಯಲ್ಲಿ ಅವಳ ಮಂಡಿಗೆ ಪೆಟ್ಟಾಗಿತ್ತು. ಆದ್ದರಿಂದ ವ್ಯಾಯಾಮಶಾಲೆಯಲ್ಲಿ ಹಾರುವ ಕಸರತ್ತಿಗಿದ್ದ ಮರದ ಕುದುರೆಯ ಮೇಲೆ ಕೂತು, ನಡೆಗೋಲಿನಿಂದ ನೆಲದ ಚೀಟಿಗಳನ್ನು ತೋರಿಸುತ್ತಿದ್ದಳು. ಹಿಮ ಮೆತ್ತಿದ ಬೂಟನ್ನು ಬಾಗಿಲಲ್ಲಿ ಬಿಟ್ಟು, ಬೂದು ಉಣ್ಣೆಯ ಕಾಲುಚೀಲದಲ್ಲಿ.

"ಔಲಿಸ್, ಆ ಬೆಲ್ಜಿಯಂನವನ್ನ ಯಾಕೆ ಕಿಟಕಿ ಇರೋ ಕೋಣೇಲಿ ಹಾಕಿದೀಯ? ಅದು ಒಳ್ಳೇ ಕೋಣೆ. ಅವನ ಪ್ರಬಂಧ ಅಷ್ಟಕ್ಕಷ್ಟೆ."

"ಅವನು ಕಿಟಕಿ ಹೊರಗೆ ನೋಡ್ಕೊಂಡೇ ಮಾತಾಡೋದು. ಕಿಟಕಿ ಇಲ್ದಿದ್ರೆ ಜನರನ್ನ ನೋಡ್ತಾನೆ. ನೋಡಿದ್ರೆ ತೊದಲ್ತಾನೆ."

"ಇದೆಲ್ಲಾ ನಿಂಗೆ ಯಾರು ಹೇಳ್ತಾರೋ?"

"ಯಾರೂ ಹೇಳಲ್ಲ. ಹಿಂದಿನ ಬೆಂಚಲ್ಲಿ ಕೂತ್ಕೊತೀನಿ."

"ನೀನು ಸತ್ತ ಮೇಲೆ ಈ ಸಮ್ಮೇಳನದ ಗತಿ ಏನು?"

"ಕಂಪ್ಯೂಟರ್ ಇದೆಯಲ್ಲ."

ಅವಳು ನಕ್ಕಳು. ಅವಳ ನಗು ಕೇಳಿದರೆ ಯಾರಿಗಾದರೂ ಬೈದಂತೆ ಅನಿಸುತ್ತದೆ. ಪ್ರಶ್ನೋತ್ತರದ ಹೊತ್ತಿನಲ್ಲಿ ಎದ್ದು "ನಂದು ಪ್ರಶ್ನೆ ಅಂತಲ್ಲ, ಒಂದು ಅಭಿಪ್ರಾಯ" ಎಂದು ಶುರುಮಾಡುವವರನ್ನು "ಹಾಗಾದ್ರೆ ಕೂತ್ಕೊಳ್ಳಿ" ಎಂದು ಕೂರಿಸುವುದರಲ್ಲಿ ಅವಳದು ಎತ್ತಿದ ಕೈ.

ಇಲ್ಲಿ ಆ ರೇಖೆಯ ವಿಷಯ ಸ್ವಲ್ಪ ಹೇಳಬೇಕು. ಗ್ರೋಹಾರು ಎಂಬ ದ್ವೀಪದಲ್ಲಿ ಮಾಲೆನಿಯಸ್ ಎಂಬ ಪಾದ್ರಿಯಿದ್ದ. ಸಾವಿರದ ಏಳುನೂರ ಐವತ್ತರಿಂದ ನಲವತ್ತೊಂದು ವರ್ಷ ಪಂಚಾಂಗದ ಅಂಚಿನಲ್ಲಿ ಕೆಲವು ದಿನಗಳ ಪಕ್ಕ ಸಣ್ಣ ಶಿಲುಬೆಯ ಗುರುತು ಹಾಕುತ್ತಿದ್ದ, ಏಕೆಂದು ಬರೆದಿರಲಿಲ್ಲ. ಗುರುತುಗಳು ಚಳಿಗಾಲದಲ್ಲಿ ಹೆಚ್ಚು, ಬೇಸಿಗೆಯಲ್ಲಿ ಕಡಿಮೆ. ಇಪ್ಪತ್ತೊಂಬತ್ತರ ಹರೆಯದ ಸೋಲ್ವೇಗ್ ಅವನ್ನೆಲ್ಲ ಎಣಿಸಿ, ಅವು ಸಮುದ್ರ ಹೆಪ್ಪುಗಟ್ಟಿ ದೋಣಿ ಹೋಗಲಾಗದ ದಿನಗಳೆಂದು ತೀರ್ಮಾನಿಸಿ, ವರ್ಷವರ್ಷದ ಹಿಮದ ಏರಿಳಿತ ತೋರಿಸುವ ಒಂದು ರೇಖೆ ಬರೆದಳು. ತೊಂಬತ್ತೊಂದರ ವಸಂತದಲ್ಲಿ ಗುರುತುಗಳು ಒಮ್ಮೆಲೇ ನಿಂತುಹೋಗುತ್ತವೆ. ಅದಕ್ಕೆ 'ಮಹಾ ಕರಗು' ಎಂದು ಹೆಸರಿಟ್ಟಳು. ಆ ಹೆಸರಿನ ಮೇಲೆ ಮೂವತ್ತೆಂಟು ವರ್ಷದಲ್ಲಿ ಆರು ಜನ ಡಾಕ್ಟರೇಟ್ ಪಡೆದರು, ಇಬ್ಬರು ಪ್ರಾಧ್ಯಾಪಕರಾದರು.

ಆಯ್ಕೆಗೆಂದು ಬಂದ ಆರುನೂರ ಹನ್ನೆರಡನೇ ನಂಬರಿನ ಪ್ರಬಂಧದ ಸಾರಾಂಶ ಆ ಶಿಲುಬೆಗಳ ಬಗ್ಗೆಯೇ ಇತ್ತು. ನಮ್ಮಲ್ಲಿ ಮೌಲ್ಯಮಾಪಕರಿಗೆ ಬರೆದವರ ಹೆಸರು ಕಾಣುವುದಿಲ್ಲ, ಬರೆದವರಿಗೆ ಮೌಲ್ಯಮಾಪಕರ ಹೆಸರು ಕಾಣುವುದಿಲ್ಲ. ಎರಡೂ ಕಾಣುವುದು ನನಗೆ ಮಾತ್ರ. ಇದನ್ನು ಬರೆದವಳು ಎಸ್ಟೋನಿಯಾದ ತಾರ್ತುವಿನ ಟ್ರೀನ್ ಕಾಲ್ಯುಸ್ತೆ. ತಾಲಿನ್ನಿನಲ್ಲಿದ್ದ ಭಾವಮೈದುನನಿಗೆ ಮಾಲೆನಿಯಸ್ ಬರೆದ ಮೂವತ್ತಮೂರು ಪತ್ರಗಳು ಅವಳಿಗೆ ಅಲ್ಲಿಯ ದಾಖಲೆಶಾಲೆಯ ಕಡತವೊಂದರಲ್ಲಿ ಸಿಕ್ಕಿದ್ದವು. ಭಾವಮೈದುನ ವೈದ್ಯ. ಪತ್ರದ ತುಂಬಾ ಹಲ್ಲುನೋವು. "ಇಂದೂ ಪಂಚಾಂಗದಲ್ಲಿ ಶಿಲುಬೆ ಹಾಕಿದೆ. ಲವಂಗ ಮುಗಿಯಿತು, ದಿಂಬನ್ನು ಕಚ್ಚಿಕೊಂಡು ಮಲಗಿದೆ." ಪತ್ರದ ದಿನಗಳಿಗೂ ಗುರುತಿನ ದಿನಗಳಿಗೂ ಮೂವತ್ತಮೂರರಲ್ಲಿ ಮೂವತ್ತೊಂದು ಕಡೆ ಹೊಂದಾಣಿಕೆ. ತೊಂಬತ್ತೊಂದರ ಏಪ್ರಿಲಿನ ಪತ್ರದಲ್ಲಿ ಪಾದ್ರಿ ದೇವರಿಗೆ ವಂದಿಸುತ್ತಾನೆ. ಕೊನೆಯ ಹಲ್ಲೂ ಉದುರಿತು, ಇನ್ನು ಗಂಜಿ ಕುಡಿದು ಸುಖವಾಗಿರುತ್ತೇನೆ ಎಂದು.

ಮಹಾ ಕರಗು ಎಂದರೆ ಅದು.

ಈ ಸಾರಾಂಶ ಸಮ್ಮೇಳನಕ್ಕೆ ಬಂದದ್ದು ಇದು ಮೂರನೇ ಸಲ. ಆರು ವರ್ಷದ ಹಿಂದೆ ಐದಕ್ಕೆ ಒಂದು, ಒಂದು, ಎರಡು ಅಂಕ. ಮೂರು ವರ್ಷದ ಹಿಂದೆ ಎರಡು, ಎರಡು, ಒಂದು. ಈ ಸಲ ಒಂದು, ಎರಡು, ಐದು. ಆದರೂ ತಿರಸ್ಕೃತವೇ, ಸರಾಸರಿ ಸಾಲದು. ಒಂದು ಕೊಟ್ಟವನು ಸ್ಟೆಲ್ಲನ್ ವಿಕ್, ಸೋಲ್ವೇಗಳ ಶಿಷ್ಯ, ಸ್ವೀಡನ್ನಿನಲ್ಲಿ ಪ್ರಾಧ್ಯಾಪಕ. ಐದು ಕೊಟ್ಟವಳು ಸೋಲ್ವೇಗ್.

ಆರು ವರ್ಷದ ಹಿಂದಿನ ಕಾಗದ ತೆಗೆದು ನೋಡಿದೆ. ಆಗ ಮೊದಲ ಒಂದು ಕೊಟ್ಟವಳೂ ಸೋಲ್ವೇಗೇ. ಕೆಳಗೆ ಟಿಪ್ಪಣಿ: "ಲೇಖಕರು ದ್ವೀಪದ ಆಡುಮಾತನ್ನು ಮೊದಲು ಕಲಿಯಲಿ."

ಮಾರ್ಚಿನಲ್ಲಿ ಅವಳ ಸ್ವಂತ ಸಾರಾಂಶ ನನ್ನ ಕೈಗೆ ಬಂತು. ಅಧ್ಯಕ್ಷರ ಪ್ರಬಂಧಕ್ಕೆ ಮೌಲ್ಯಮಾಪನವಿಲ್ಲ, ನೇರ ನೆಲಮಾಳಿಗೆ. ಶೀರ್ಷಿಕೆ 'ಆಕರಗಳ ಬಳಕೆಯ ಕುರಿತು ಕೆಲವು ಪೂರಕ ಮಾತುಗಳು'. ಇಂಥ ಶೀರ್ಷಿಕೆ ನೋಡಿ ಯಾರೂ ಹಡಗು ತಪ್ಪಿಸಿಕೊಳ್ಳುವುದಿಲ್ಲ. ಒಳಗೆ ಎರಡೇ ವಾಕ್ಯ. ಗ್ರೋಹಾರು ಗುರುತುಗಳು ಹಿಮದವಲ್ಲ, ಪಾದ್ರಿಯ ಹಲ್ಲುನೋವಿನವು. ಲೇಖಕಿ ತನ್ನ ರೇಖೆಯನ್ನು ಹಿಂತೆಗೆದುಕೊಳ್ಳುತ್ತಾಳೆ.

ಅಧ್ಯಕ್ಷತೆಯನ್ನು ಏಕೆ ಕೇಳಿ ಪಡೆದಳೆಂದು ಆಗ ಹೊಳೆಯಿತು. ಅವಳಿಗೆ ಬೇಕಾಗಿದ್ದದ್ದು ಅಧ್ಯಕ್ಷತೆಯಲ್ಲ, ಅದರ ಜೊತೆಗೆ ಬರುವ ಆ ನೆಲಮಾಳಿಗೆಯ ಬಿಲ.

ಅದೇ ವಾರ ಟ್ರೀನ್‌ಳ ಪತ್ರ ಬಂತು. "ಈ ಸಲವೂ ಆಗದಿದ್ದರೆ ದಯವಿಟ್ಟು ಬೇಗ ತಿಳಿಸಿ. ಡಿಸೆಂಬರಿಗೆ ನನ್ನ ಕೆಲಸದ ಒಪ್ಪಂದ ಮುಗಿಯುತ್ತದೆ. ಪಾದ್ರಿಯನ್ನು ಅಲ್ಲಿಗೇ ಬಿಟ್ಟು ಬೇರೇನಾದರೂ ನೋಡಿಕೊಳ್ಳುತ್ತೇನೆ. ನಿಮ್ಮ ಮೇಲೆ ನನಗೆ ಬೇಸರವಿಲ್ಲ." ಕೊನೆಯ ಸಾಲು ಇರದಿದ್ದರೆ ನಾನು ಸುಮ್ಮನಿರುತ್ತಿದ್ದೆನೋ ಏನೋ.

ಮರುದಿನ ಗುರುವಾರ. ಗುರುವಾರ ಕ್ಯಾಂಟೀನಿನಲ್ಲಿ ಬಟಾಣಿ ಸೂಪು, ಆಮೇಲೆ ಜಾಮು ಹಾಕಿದ ದೋಸೆ. ದೇಶವೇ ಮುಳುಗಿದರೂ ಇದು ತಪ್ಪುವುದಿಲ್ಲ. ಸೋಲ್ವೇಗ್ ಸೂಪಿಗೆ ಸಾಸಿವೆ ಕಲಸುತ್ತಿದ್ದಳು. ನಾನು ಎದುರಿಗೆ ಕೂತು ನೇರವಾಗಿ ಹೇಳಿದೆ.

"ನಿನ್ನ ಸಾರಾಂಶ ಓದಿದೆ."

"ಓದಲೇಬೇಕಲ್ಲ, ಅದು ನಿನ್ನ ಕೆಲಸ." ಸಾಸಿವೆ ಕಲಸುವುದು ನಿಲ್ಲಲಿಲ್ಲ. "ಹೇಗಿದೆ?"

"ಚಿಕ್ಕದಾಗಿದೆ."

"ವಿಷಯಾನೂ ಚಿಕ್ಕದೇ. ಹಲ್ಲು."

"ಯಾವಾಗಿಂದ ಗೊತ್ತು?"

"ಐದು ವರ್ಷ." ಅವಳು ಚಮಚ ಕೆಳಗಿಟ್ಟಳು. "ಒಂದಂಕ ಕೊಟ್ಟು ಕಳಿಸಿದ್ನಾ, ಆಮೇಲೆ ಮನಸ್ಸು ತಡೀಲಿಲ್ಲ. ಆ ಯಾವನೋ ಮಹಾಶಯ ಎಷ್ಟು ತಪ್ಪು ಅಂತ ತೋರಿಸ್ಬೇಕು ಅಂತ ಮರುವರ್ಷ ತಾಲಿನ್ನಿಗೆ ಹೋದೆ. ಪತ್ರ ಓದಿದೆ. ಮೊದಲ್ನೇ ದಿನಾನೇ ಗೊತ್ತಾಯ್ತು. ಇನ್ನೂ ಮೂರು ದಿನ ಹೋಟೆಲಿಗೆ ಹೇಳಿದ್ದೆ, ಏನು ಮಾಡ್ಲಿ, ಊರೆಲ್ಲಾ ತಿರುಗಾಡಿ ಬಂದೆ."

"ಮಹಾಶಯ ಅಲ್ಲ, ಅವಳು."

ನಾನು ಹತ್ತೊಂಬತ್ತು ವರ್ಷದಲ್ಲಿ ಮುರಿದ ಮೊದಲ ಗುಟ್ಟು ಅದು.

"ಅವಳಾ," ಎಂದಳು. ಚಮಚ ಮತ್ತೆ ಎತ್ತಿಕೊಂಡಳು. "ಸರಿ. ನಾನು ಹೇಳ್ತಾ ಇದೀನಲ್ಲ, ಶುಕ್ರವಾರ. ಅಚ್ಚಾದ ಕಾರ್ಯಕ್ರಮದಲ್ಲಿ ಇರತ್ತೆ, ಸಂಪುಟದಲ್ಲಿ ಬರತ್ತೆ. ಐವತ್ತು ವರ್ಷ ಬಿಟ್ಟು ಯಾರು ಹುಡುಕಿದ್ರೂ ಸಿಗತ್ತೆ. ಹೇಳ್ಬೇಕು ಅನ್ನೋದು ಸರಿ. ಜನ ತುಂಬಿರ್ಬೇಕು ಅಂತ ಎಲ್ಲಿದೆ?"

"ಅವಳಿಗೆ ಐವತ್ತು ವರ್ಷ ಇಲ್ಲ. ಡಿಸೆಂಬರ್ ತನಕ ಇದೆ."

"ಆರುನೂರ ಹನ್ನೆರಡು ಬಿತ್ತಾ ಈ ಸಲಾನೂ?"

"ಬಿತ್ತು. ನಿನ್ನ ಸ್ಟೆಲ್ಲನ್ ಒಂದು ಕೊಟ್ಟ."

"ಕೊಡ್ತಾನೆ. ನಾನೇ ಕಲಿಸಿದ್ದು." ಅವಳಿಗೆ ನಗು ಬರಲಿಲ್ಲ. "ಔಲಿಸ್, ಕಟ್ಟಳೆ ಕಟ್ಟಳೆ. ಅಧ್ಯಕ್ಷರ ಪ್ರಬಂಧ ಯಾರಿಗೂ ಬೇಡದ ಜಾಗಕ್ಕೆ ಹೋಗ್ಬೇಕು."

"ಶುಕ್ರವಾರದ ನೆಲಮಾಳಿಗೆ ಯಾರಿಗೂ ಬೇಡ ಅನ್ನೋದು ಸುಳ್ಳು. ನಿಂಗೆ ಬೇಕು. ಏಳುನೂರ ಎಂಬತ್ತು ಜನರಲ್ಲಿ ಅದನ್ನ ಆಸೆಪಟ್ಟು ತಗೊಂಡವಳು ನೀನೊಬ್ಬಳೇ. ನಿಂಗೆ ಬೇಡದ ಜಾಗ ಯಾವುದು ಗೊತ್ತಾ? ಬುಧವಾರ ಹನ್ನೊಂದು ಗಂಟೆ, ದೊಡ್ಡ ಸಭಾಂಗಣ. ಮುಖ್ಯ ಭಾಷಣ ಮುಗಿದು ಕಾಫಿ ಕುಡಿದು ಎಲ್ಲರೂ ಬಂದು ಕೂತಿರ್ತಾರೆ. ಆರುನೂರು ಜನ."

"ಅದು ಎಲ್ಲರಿಗೂ ಬೇಕಾದ ಜಾಗ."

"ಎಲ್ಲರ ವಿಷಯ ಅಲ್ಲ ಹೇಳ್ತಿರೋದು."

ಅವಳು ದೋಸೆಯ ಮೇಲಿನ ಜಾಮನ್ನು ಚಮಚದ ಹಿಂಬದಿಯಲ್ಲಿ ಬಳಿದಳು, ತಿನ್ನಲಿಲ್ಲ.

"ಆಗಲ್ಲ ಕಣೋ," ಎಂದಳು ಕೊನೆಗೆ. "ನಂಗೆ ಭಯ. ಸ್ಟೆಲ್ಲನ್ ಮುಖ ನೋಡೋಕೆ ಭಯ. ಆರು ಜನ ಡಾಕ್ಟರೇಟ್ ಮಾಡಿದ್ದಾರಲ್ಲ, ಅವರು ಆರೂ ಜನ ಅಲ್ಲೇ ಕೂತಿರ್ತಾರೆ. ನಾನು ಇಷ್ಟು ವರ್ಷ ಇನ್ನೊಬ್ಬರ ತಪ್ಪು ಎತ್ತಿ ತೋರಿಸಿ ಹೆಸರು ಮಾಡಿದವಳು. ನಂಗೆ ಬೇರೆ ಏನೂ ಬರಲ್ಲ."

ಅವಳು ಹಾಗೆ ಹೇಳುತ್ತಾಳೆಂದು ನಾನು ಎಣಿಸಿರಲಿಲ್ಲ. ವಾದಕ್ಕೆ ಸಿದ್ಧನಾಗಿ ಹೋಗಿದ್ದೆ, ಭಯಕ್ಕೆ ಸಿದ್ಧನಾಗಿರಲಿಲ್ಲ. ಇಬ್ಬರೂ ತಟ್ಟೆ ಎತ್ತಿಟ್ಟು ಹೊರಟೆವು.

ತಿರಸ್ಕೃತವಾದ ಪ್ರಬಂಧಗಳಲ್ಲಿ ಮೂರನ್ನು ಅಧ್ಯಕ್ಷರು ಕಾರಣ ಹೇಳದೆ ಒಳಗೆ ತೆಗೆದುಕೊಳ್ಳಬಹುದು. ಹೆಚ್ಚಿನವರು ಅದನ್ನು ಸ್ನೇಹಿತರಿಗೆ ಬಳಸುತ್ತಾರೆ. ಸೋಲ್ವೇಗ್ ಎರಡು ಬಳಸಿದ್ದಳು, ಒಂದು ಉಳಿದಿತ್ತು. ಮರುದಿನ, ಶುಕ್ರವಾರ ಬೆಳಿಗ್ಗೆ, ವ್ಯಾಯಾಮಶಾಲೆಗೆ ಬಂದವಳು ಕುದುರೆ ಹತ್ತಲಿಲ್ಲ. ನೋಯುವ ಮಂಡಿಯನ್ನೇ ಊರಿ ನೆಲದ ಮೇಲೆ ಕೂತು, ತಿರಸ್ಕೃತರ ರಾಶಿಯಿಂದ ಆರುನೂರ ಹನ್ನೆರಡನ್ನು ಹುಡುಕಿ ತೆಗೆದಳು. ತೆವಳಿಕೊಂಡು ಹೋಗಿ ನೆಲಮಾಳಿಗೆಯ ಏಳನೇ ಕೊಠಡಿಯ ಚೌಕದಲ್ಲಿ, ತನ್ನ ಚೀಟಿಯ ಪಕ್ಕ ಇಟ್ಟಳು.

"ಒಂದೇ ಪಾದ್ರಿ, ಒಂದೇ ಗೋಷ್ಠಿ. ನ್ಯಾಯವಾಗೇ ಇದೆ."

"ಬಿಲದಲ್ಲಿ ಅವಳಿಗೂ ಜಾಗ ಮಾಡಿಕೊಟ್ಟೆ," ಎಂದೆ.

"ನಿನ್ನ ಬಾಯಿ ಒಂದು."

ಬಹಳ ಹೊತ್ತು ಆ ಎರಡು ಚೀಟಿಗಳನ್ನು ನೋಡುತ್ತ ಕೂತಳು. ಆಮೇಲೆ ಆರುನೂರ ಹನ್ನೆರಡನ್ನು ಎತ್ತಿಕೊಂಡು, ಮತ್ತೆ ತೆವಳಿ, ವ್ಯಾಯಾಮಶಾಲೆಯ ಇನ್ನೊಂದು ಮೂಲೆಗೆ ಹೋದಳು. ಬುಧವಾರ ಹನ್ನೊಂದು, ದೊಡ್ಡ ಸಭಾಂಗಣ. ಅಲ್ಲಿದ್ದ ಸ್ಕಾಟ್ಲೆಂಡಿನವರು ಸೊಂಟದ ಶಸ್ತ್ರಚಿಕಿತ್ಸೆಯೆಂದು ಹಿಂದಿನ ವಾರವಷ್ಟೇ ಬರುವುದಿಲ್ಲವೆಂದಿದ್ದರು. ಖಾಲಿ ಚೌಕದಲ್ಲಿ ಚೀಟಿ ಇಟ್ಟು ಅಂಗೈಯಿಂದ ಒತ್ತಿದಳು.

"ಅವಳು ಅಲ್ಲಿ. ನಾನು ಇಲ್ಲೇ, ಶುಕ್ರವಾರ. ಇಷ್ಟು ನನ್ನ ಕೈಲಾಗತ್ತೆ."

"ಬುಧವಾರದ ಆ ಗೋಷ್ಠೀನ ಯಾರು ನಡೆಸ್ತಾರೆ ಅನ್ನೋದು ನೆನಪಿದೆಯಾ?"

ಆ ಗೋಷ್ಠಿಯನ್ನು ಯಾವಾಗಲೂ ಕಾರ್ಯಕ್ರಮ ಸಮಿತಿಯ ಅಧ್ಯಕ್ಷರೇ ನಡೆಸುವುದು. ವೇದಿಕೆಯ ಮೇಲೆ, ಮಾತಾಡುವವರ ಪಕ್ಕದ ಕುರ್ಚಿಯಲ್ಲಿ.

ಅವಳು ನನ್ನ ಕಡೆ ತಿರುಗಲಿಲ್ಲ. "ಗೊತ್ತು ಕಣೋ," ಎಂದಳು. "ಎದ್ದೇಳೋಕೆ ಒಂದು ಕೈ ಕೊಡು."

ಆಗಸ್ಟಿನ ಆ ಬುಧವಾರ ಸಭಾಂಗಣ ತುಂಬಿತ್ತು. ಹಿಂದಿನ ಬೆಂಚಿನಲ್ಲಿ ಕೂತಿದ್ದ ನನಗೆ ಆರೂ ಡಾಕ್ಟರೇಟುಗಳ ತಲೆಯ ಹಿಂಭಾಗ ಕಾಣುತ್ತಿತ್ತು, ಅದರಲ್ಲಿ ಎರಡು ಬೋಳು. ಟ್ರೀನ್ ಎತ್ತರದ ಹೆಂಗಸು, ನಲವತ್ತರ ಹತ್ತಿರ, ಕೆಂಪು ದಾರದ ಕಸೂತಿಯ ಅಂಗಿ. ಪ್ರಬಂಧವನ್ನು ಓದಲಿಲ್ಲ, ಹೇಳಿದಳು. ಲವಂಗ ಮುಗಿದ ಪತ್ರಕ್ಕೆ ಜನ ನಕ್ಕರು. ಕೊನೆಯ ಹಲ್ಲಿನ ಪತ್ರಕ್ಕೆ ಇನ್ನೂ ಜೋರಾಗಿ ನಕ್ಕರು. ಆಮೇಲೆ ಅವಳು ಪರದೆಯ ಮೇಲೆ ಎಕ್‌ಹೋಲ್ಮ್ ರೇಖೆಯನ್ನು ಹಾಕಿ, ಅದರ ಕೆಳಗೆ ಪತ್ರಗಳ ತಾರೀಖುಗಳನ್ನು ಒಂದೊಂದಾಗಿ ಇಟ್ಟಳು. ನಗು ನಿಂತಿತು. ಅರ್ಧ ಸಭೆ ಪರದೆಯನ್ನು ಬಿಟ್ಟು ಪಕ್ಕದ ಕುರ್ಚಿಯಲ್ಲಿದ್ದ ಸೋಲ್ವೇಗಳನ್ನು ನೋಡತೊಡಗಿತು. ಅವಳ ಕೈಯಲ್ಲಿ 'ಐದು ನಿಮಿಷ' ಎಂಬ ಹಳದಿ ರಟ್ಟು. ಅದನ್ನು ಸರಿಯಾದ ಹೊತ್ತಿಗೆ ಎತ್ತಿ ತೋರಿಸಿದಳು.

ಪ್ರಶ್ನೆಗಳಿಗೆ ಮೊದಲು ಎದ್ದವನು ಸ್ಟೆಲ್ಲನ್ ವಿಕ್. ಒಳ್ಳೆಯ ಕೋಟು, ಒಳ್ಳೆಯ ಕಂಠ.

"ತುಂಬಾ ರಂಜಕವಾಗಿತ್ತು," ಎಂದ. "ಒಬ್ಬ ಪಾದ್ರಿಗೆ ಹಲ್ಲುನೋವಿತ್ತು ಅನ್ನೋದನ್ನ ಒಪ್ಪೋಣ. ನಂಗೂ ಇದೆ. ಆದ್ರೆ ಚಳೀಲೇ ಹಲ್ಲು ನೋಯೋದು ಜಾಸ್ತಿ ಅಲ್ವಾ? ಅಂದ್ರೆ ಗುರುತು ಕೊನೆಗೂ ಚಳೀದೇ ಆಯ್ತಲ್ಲ. ಮೂವತ್ತೆಂಟು ವರ್ಷದಿಂದ ನಿಂತಿರೋ ಒಂದು ಕೆಲಸವನ್ನ ಇಪ್ಪತ್ತು ನಿಮಿಷದಲ್ಲಿ ಕೆಡವೋ ಮೊದಲು ನೀವು ಆ ದ್ವೀಪಕ್ಕೆ ಒಂದು ಸಲನಾದ್ರೂ ಹೋಗಿದ್ರಾ ಅಂತ ಕೇಳ್ಬಹುದಾ?"

ಚಪ್ಪಾಳೆ ಇಲ್ಲ, ಆದರೆ ಅಲ್ಲಲ್ಲಿ ತಲೆಗಳು ಆಡಿದವು.

"ಅಲ್ಲೇ ನಾಲ್ಕು ಬೇಸಿಗೆ ಇದ್ದೆ," ಎಂದಳು ಟ್ರೀನ್. ಅವಳ ಕುತ್ತಿಗೆ ಕೆಂಪಾಗಿತ್ತು. "ಅಲ್ಲಿಯ ಆಡುಮಾತು ಕಲೀಬೇಕು ಅಂತ ಮೌಲ್ಯಮಾಪಕರೊಬ್ಬರು ಬರೆದಿದ್ರು. ಕಲಿತೆ. ಚಳೀಗೆ ಹಲ್ಲು ನೋಯತ್ತೆ, ಸರಿ. ಹಲ್ಲೇ ಇಲ್ದಿದ್ರೆ ಎಷ್ಟು ಚಳಿ ಬಿದ್ರೂ ನೋಯಲ್ಲ. ತೊಂಬತ್ತೊಂದರ ನಂತರದ ಚಳಿಗಾಲದ ಬಗ್ಗೆ ಈ ಪಂಚಾಂಗದಲ್ಲಿ ಒಂದಕ್ಷರಾನೂ ಇಲ್ಲ. ನೀವು ಹೇಳೋ ಕರಗು ಇರೋದು ಬರೀ ಆ ಅಂಚಲ್ಲಿ."

ಸ್ಟೆಲ್ಲನ್ ಕೂರಲಿಲ್ಲ. ಅವನು ವೇದಿಕೆಯ ಪಕ್ಕದ ಕುರ್ಚಿಯನ್ನೇ ನೋಡುತ್ತಿದ್ದ, ಗುರು ಒಂದು ಮಾತು ಹೇಳಿ ಈ ತಮಾಷೆಯನ್ನು ಮುಗಿಸಲಿ ಎಂಬಂತೆ. ಬೇರೆ ಯಾರೂ ಕೈ ಎತ್ತಲಿಲ್ಲ. ಕೈ ಏಳದಿದ್ದಾಗ ಗೋಷ್ಠಿ ನಡೆಸುವವರೇ ಒಂದು ಪ್ರಶ್ನೆ ಕೇಳುವುದು ವಾಡಿಕೆ. ಆರುನೂರು ಜನ ಕಾದರು. ಸೋಲ್ವೇಗ್ ಹಳದಿ ರಟ್ಟನ್ನು ಮೇಜಿನ ಅಂಚಿಗೆ ಸರಿಯಾಗಿ ಜೋಡಿಸಿದಳು. ಮತ್ತೊಮ್ಮೆ ಜೋಡಿಸಿದಳು. ಅವಳಿಂದ ಆಗುವುದಿಲ್ಲ, ಮುಂದಿನ ಪ್ರಬಂಧ ಕರೆದುಬಿಡುತ್ತಾಳೆ ಎಂದು ನನಗನಿಸಿತು. ಹಾಗೆ ಮಾಡಿದ್ದರೆ ನಾನವಳನ್ನು ಬೈಯುತ್ತಲೂ ಇರಲಿಲ್ಲ.

ಅವಳು ಮೈಕನ್ನು ತನ್ನ ಕಡೆ ತಿರುಗಿಸಿಕೊಂಡಳು.

"ನಂದು ಪ್ರಶ್ನೆ ಅಂತಲ್ಲ," ಎಂದಳು.

ಇಡೀ ಸಭೆ ಗೊಳ್ಳೆಂದು ನಕ್ಕಿತು. ಆ ಮಾತಿಗೆ ಅವಳು ಕೂರಿಸಿದ ಜನ ಕಡಿಮೆಯೇ? ಅವಳು ನಗು ಮುಗಿಯುವವರೆಗೆ ಕಾದಳು.

"ಡಾಕ್ಟರ್ ಕಾಲ್ಯುಸ್ತೆ ಹೇಳಿದ್ದು ಸರಿ. ನನ್ನ ರೇಖೆ ತಪ್ಪು. ಅದು ಹಿಮದ್ದಲ್ಲ, ಹಲ್ಲಿನದು. ಆ ಪತ್ರಗಳನ್ನ ನಾನೂ ಓದಿದೀನಿ, ಐದು ವರ್ಷದ ಹಿಂದೆ. ಯಾರಿಗೂ ಹೇಳಲಿಲ್ಲ. ಇನ್ನೊಂದಿದೆ. ಆರು ವರ್ಷದ ಹಿಂದೆ ಈ ಪ್ರಬಂಧಕ್ಕೆ ಐದಕ್ಕೆ ಒಂದು ಕೊಟ್ಟು ಆಡುಮಾತು ಕಲಿ ಅಂತ ಬರೆದವಳು ನಾನು." ಗಡಿಯಾರ ನೋಡಿದಳು. "ಸ್ಟೆಲ್ಲನ್, ಕೂತ್ಕೊ. ಸಮಯ ಆಯ್ತು. ಮುಂದಿನ ಪ್ರಬಂಧ, ಡೆನ್ಮಾರ್ಕಿನ ಜೌಗುನೆಲದ ಕಾಲುವೆಗಳು."

ಇಷ್ಟೆಲ್ಲ ಮಾಡಿ ನಾನು ಒಂದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಆ ಸಮ್ಮೇಳನದ ಅತ್ಯಂತ ಕೆಟ್ಟ ಇಪ್ಪತ್ತು ನಿಮಿಷ ಸಿಕ್ಕಿದ್ದು ಆ ಡೆನ್ಮಾರ್ಕಿನವನಿಗೆ. ಪಾಪ, ಒಳ್ಳೆಯ ಪ್ರಬಂಧ. ಆರುನೂರು ಜನರಲ್ಲಿ ಒಬ್ಬನೂ ಒಂದು ಕಾಲುವೆಯನ್ನೂ ಕೇಳಿಸಿಕೊಳ್ಳಲಿಲ್ಲ. ಅವನಿಗೆ ಆಮೇಲೆ ಕ್ಷಮೆ ಕೋರಿ ಪತ್ರ ಬರೆದೆ.

ಊಟದ ಹೊತ್ತಿಗೆ ಸೋಲ್ವೇಗ್ ಹಿಂಬಾಗಿಲಿನ ಕಲ್ಲಿನ ಮೆಟ್ಟಿಲ ಮೇಲೆ ಒಬ್ಬಳೇ ಕೂತಿದ್ದಳು. ನಾನು ಎರಡು ಕಪ್ ಕಾಫಿ ತಂದೆ. ಆರು ಜನ ಶಿಷ್ಯರಲ್ಲಿ ಒಬ್ಬಳು ಬಂದು ಅವಳ ಭುಜ ಮುಟ್ಟಿ ಹೋಗಿದ್ದಳಂತೆ. ಉಳಿದವರು ಬಂದಿರಲಿಲ್ಲ. ಸ್ಟೆಲ್ಲನ್ ಅಂಗಳದ ಆಚೆ ಬದಿಯಲ್ಲಿ ನಮಗೆ ಬೆನ್ನು ಹಾಕಿ ಫೋನಿನಲ್ಲಿ ಮಾತಾಡುತ್ತಿದ್ದ.

ಬಾಗಿಲು ತಳ್ಳಿಕೊಂಡು ಟ್ರೀನ್ ಬಂದಳು. ನಾನು ಏಳಲು ಹೊರಟೆ.

"ಕೂತ್ಕೊಳ್ಳಿ," ಎಂದಳು ನನಗೆ. ಆಮೇಲೆ ಸೋಲ್ವೇಗಳಿಗೆ, "ಐದು ವರ್ಷ ಅಂದ್ರಲ್ಲ, ಪ್ರೊಫೆಸರ್ ಎಕ್‌ಹೋಲ್ಮ್."

"ಹೌದು."

"ಮೂರು ವರ್ಷದ ಹಿಂದೆ ಎರಡನೇ ಸಲ ತಿರಸ್ಕಾರ ಬಂತು. ಆಗಲೂ ನಿಮಗೆ ಗೊತ್ತಿತ್ತು."

"ಗೊತ್ತಿತ್ತು. ಆ ಸಲ ಅಂಕ ಹಾಕೋಕೆ ನಂಗೆ ಬಂದಿರ್ಲಿಲ್ಲ ಅದು. ಬಂದಿದ್ರೂ ಏನು ಮಾಡ್ತಿದ್ನೋ, ಹೇಳೋಕಾಗಲ್ಲ."

"ನಂಗೆ ಹುಚ್ಚು ಅನ್ಕೊಂಡಿದ್ದೆ ನಾನು." ಟ್ರೀನ್‌ಳ ದನಿ ಏರಲಿಲ್ಲ. ಎಸ್ಟೋನಿಯಾದವರ ಸಿಟ್ಟಿಗೆ ದನಿ ಇರುವುದಿಲ್ಲ. "ಇಷ್ಟು ಸ್ಪಷ್ಟವಾಗಿರೋದು ಬೇರೆ ಯಾರಿಗೂ ಕಾಣ್ತಿಲ್ಲ ಅಂದ್ರೆ ನನ್ನ ಕಣ್ಣೇ ಸರಿಯಿಲ್ಲ ಅಂತ. ನಮ್ಮಮ್ಮ ಕೂಡ ಪಾದ್ರೀನ ಬಿಡು ಅಂತಿದ್ರು. ಇವತ್ತು ನೀವು ಹೇಳಿದ್ದು ದೊಡ್ಡದು ಅಂತ ಒಳಗೆ ಎಲ್ಲರೂ ಹೇಳ್ತಿದಾರೆ. ಇರಬಹುದು. ನಂಗೆ ಇನ್ನೂ ಹಾಗೆ ಅನಿಸ್ತಿಲ್ಲ."

"ಅನಿಸ್ಬೇಕಾಗಿಲ್ಲ," ಎಂದಳು ಸೋಲ್ವೇಗ್.

ಟ್ರೀನ್ ಹೊರಡಲಿಲ್ಲ. ಅಂಗಳದಲ್ಲಿ ಯಾರೋ ಸೈಕಲ್ ನಿಲ್ಲಿಸಿ ಬೀಗ ಹಾಕಿದರು. ಸೋಲ್ವೇಗ್ ತನ್ನ ಚೀಲ ತೆರೆದು ಒಂಬತ್ತು ಹಾಳೆ ತೆಗೆದಳು.

"ಇದು ಶುಕ್ರವಾರದ್ದು. ಸಂಪುಟದಲ್ಲಿ ಅಚ್ಚಾಗತ್ತೆ. ನಿಮ್ಮ ಪತ್ರಗಳನ್ನ ನಿಮ್ಮಷ್ಟು ಚೆನ್ನಾಗಿ ಓದಿದವರು ಬೇರೆ ಇಲ್ಲ. ತಪ್ಪಿದ್ರೆ ಹೇಳಿ."

"ಮೌಲ್ಯಮಾಪನ ಮಾಡ್ಲಾ?"

"ಮಾಡಿ."

ಟ್ರೀನ್ ಹಾಳೆಗಳನ್ನು ತೆಗೆದುಕೊಂಡಳು. ಒಂದು ಮೆಟ್ಟಿಲು ಮೇಲೆ, ಸೋಲ್ವೇಗಳಿಗಿಂತ ಸ್ವಲ್ಪ ದೂರದಲ್ಲಿ ಕೂತಳು. ನನ್ನ ಕಡೆ ಕೈ ಚಾಚಿದಳು. ಜೇಬಿನಲ್ಲಿದ್ದ ಪೆನ್ಸಿಲ್ ಕೊಟ್ಟೆ. ಮೊದಲ ಪುಟವನ್ನು ನಿಧಾನವಾಗಿ ಓದಿದಳು. ಎರಡನೆಯದನ್ನು ತಿರುಗಿಸುವ ಮೊದಲು ಹಿಂದಕ್ಕೆ ಹೋಗಿ ಒಂದು ಸಾಲಿನ ಕೆಳಗೆ ಬೆರಳಿಟ್ಟಳು.

"ಇಲ್ಲಿ 'ಗುರುತುಗಳು ಬಹುಶಃ ಹಲ್ಲುನೋವಿನವು' ಅಂತ ಬರೆದಿದೀರಿ."

"ಹಾಂ. ನಾವು ಹಾಗೇ ಅಲ್ವಾ ಬರೆಯೋದು."

ಟ್ರೀನ್ 'ಬಹುಶಃ' ಎಂಬುದರ ಮೇಲೆ ಗೆರೆ ಎಳೆದ ಶಬ್ದ ನನಗೂ ಕೇಳಿಸಿತು.

ಸೋಲ್ವೇಗ್ ಆ ಗೆರೆಯನ್ನು ನೋಡಿದಳು. ಮೂವತ್ತೆಂಟು ವರ್ಷ ಅವಳ ಬಾಯಿಗೆ ಉತ್ತರ ತಪ್ಪಿರಲಿಲ್ಲ. ಈಗ ಆರಿದ ಕಾಫಿಯನ್ನು ಕುಡಿದು ಮುಗಿಸಿ, ಎರಡನೇ ಪುಟಕ್ಕೆ ಕಾಯುತ್ತ ಕೂತಳು.